ಹತ್ತು ಮದುವೆಯ ಬಿಸಿ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ಹುಣಸೇಪಲ್ಲಿ ಎಂಬ ಊರಿನ ತುದಿಗೆ ಒಂದು ಬಿಳಿ ಕಬ್ಬಿಣದ ಡಬ್ಬ ಇದೆ. ಅದರ ನಿಜವಾದ ಹೆಸರು ‘ಸುಸ್ಥಿರ ದತ್ತಾಂಶ ಕೇಂದ್ರ ಮತ್ತು ಜೈವಿಕ ಆರ್ಥಿಕತೆಯ ಪ್ರಾದೇಶಿಕ ನಾವೀನ್ಯತಾ ಯೋಜನೆ, ಪ್ರಾಯೋಗಿಕ ಘಟಕ ಒಂದು’. ಇಷ್ಟುದ್ದದ ಹೆಸರಿಗೆ ಬೋರ್ಡಿನಲ್ಲಿ ಜಾಗ ಸಾಲದೆ ಪೇಂಟರು ಕೊನೆಯ ಎರಡು ಪದಗಳನ್ನು ಬಾಗಿಲ ಮೇಲೆ ಬರೆದುಬಿಟ್ಟಿದ್ದ. ಬಾಗಿಲು ತೆರೆದಾಗಲೆಲ್ಲ ಅವು ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದವು. ಊರಿನವರು ಈ ರಗಳೆಯೇ ಬೇಡವೆಂದು ಅದನ್ನು ಡಬ್ಬ ಎಂದು ಕರೆದರು.

ಡಬ್ಬದ ಒಳಗೆ ಆರು ಬೀರುಗಳಷ್ಟು ಕಂಪ್ಯೂಟರುಗಳಿದ್ದವು. ಕಂಪ್ಯೂಟರು ದುಡಿದರೆ ಬಿಸಿಯಾಗುತ್ತದೆ. ಬೇರೆ ಕಡೆಗಳಲ್ಲಿ ಆ ಬಿಸಿಯನ್ನು ಫ್ಯಾನು ಹಾಕಿ ಹೊರಗೆ ಊದಿಬಿಡುತ್ತಾರೆ. ಇಲ್ಲಿ ಹಾಗೆ ದಂಡ ಮಾಡದೆ, ಪಕ್ಕದಲ್ಲೇ ಇರುವ ರಾಮಲಕ್ಷ್ಮಮ್ಮನ ಚಾಕಿ ಮನೆಗೆ ಕೊಳವೆಯಲ್ಲಿ ಸಾಗಿಸುವುದು ಎಂದು ಯೋಜನೆ. ಚಾಕಿ ಮನೆಯೆಂದರೆ ರೇಷ್ಮೆ ಹುಳುಗಳ ಶಿಶುವಿಹಾರ. ಆಗತಾನೇ ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುಗಳನ್ನು ಅಲ್ಲಿ ಬೆಚ್ಚಗೆ ಸಾಕಿ, ಎರಡು ಜ್ವರ ದಾಟಿಸಿ, ಎಂಟು ದಿನ ಕಳೆದ ಮೇಲೆ ರೈತರಿಗೆ ಹಂಚುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತು ಹಳೇ ಚರ್ಮ ಕಳಚುವ ಹೊತ್ತಿಗೆ ಈ ಕಡೆಯವರು ಹಾಗೆನ್ನುತ್ತಾರೆ. ಆ ಹೊತ್ತಿನಲ್ಲಿ ಚಳಿ ತಗುಲಿದರೆ ಕೆಲವು ಹುಳು ಏಳುತ್ತವೆ, ಕೆಲವು ಏಳುವುದಿಲ್ಲ. ಹಾಗಾದರೆ ಬೆಳೆ ಕೈಬಿಟ್ಟ ಹಾಗೆಯೇ.

ಡಬ್ಬದ ಉಸ್ತುವಾರಿ ಕನಕರಾಜನದು. ಚಿಂತಾಮಣಿಯವನು, ಮೂವತ್ನಾಲ್ಕು ವರ್ಷ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು, ಒಳ್ಳೆಯವನು. ಒಳ್ಳೆಯವರಿಗೆ ಕೆಲಸ ಕೊಡದೆ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೂ ಅವನೇ ಉದಾಹರಣೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಹಳೇ ದಾಖಲೆಗಳೆಲ್ಲ ಫೋಟೋ ಆಗಿ ಡಬ್ಬಕ್ಕೆ ಬರಬೇಕಿತ್ತು. ಅದನ್ನೆಲ್ಲ ಓದಿ ಒಪ್ಪ ಮಾಡುವುದು ಈ ಕಂಪ್ಯೂಟರುಗಳ ಕೆಲಸ. ದಾಖಲೆ ಬರಲಿಲ್ಲ. ಕೇಳಿದಾಗಲೆಲ್ಲ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಮಾತ್ರ ತಪ್ಪದೆ ಬಂತು. ಕನಕರಾಜ್ ಮೊದಲ ತಿಂಗಳು ಕಾದ. ಎರಡನೇ ತಿಂಗಳು ಮನೆಯಿಂದ ಚಾಪೆ ತಂದ.

ಊಟವಾದ ಮೇಲೆ ಎರಡನೇ ಬೀರುವಿನ ಪಕ್ಕದಲ್ಲಿ ಚಾಪೆ ಹಾಸಿ, ಕಂದು ಕಂಬಳಿ ಹೊದ್ದು, ಒಂದೂವರೆಯಿಂದ ನಾಲ್ಕರ ತನಕ ಮಲಗುವುದು ಅವನ ರೂಢಿಯಾಯಿತು. ತಲೆಯ ಮೇಲೊಂದು ಕ್ಯಾಮೆರಾ ಇತ್ತು ನಿಜ. ಆದರೆ ಅದು ಎಷ್ಟು ಅಗ್ಗದ ಮಾಲೆಂದರೆ ಅದರ ಚಿತ್ರದಲ್ಲಿ ಮನುಷ್ಯ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಒಮ್ಮೆ ಮೇಲಿನ ಕಚೇರಿಯ ಮುಖ್ಯ ತಾಂತ್ರಿಕ ಅಧಿಕಾರಿ ಶೋಭಾರಾಣಿಯವರಿಂದ ಒಂದು ಪತ್ರ ಬಂತು: ‘ದೃಶ್ಯಗಳಲ್ಲಿ ಮಧ್ಯಾಹ್ನದ ಹೊತ್ತು ಮಾತ್ರ ಕಾಣಿಸಿಕೊಳ್ಳುವ ಮೂಟೆ ಯಾವುದು? ವಿವರಣೆ ನೀಡುವುದು.’ ಕನಕರಾಜ್ ಒಂದಿಡೀ ದಿನ ಯೋಚಿಸಿ ಉತ್ತರ ಬರೆದ: ‘ಖಾಲಿ ಪ್ಯಾಕಿಂಗ್ ಸಾಮಾನು. ಬಿಸಿಲಿಗೆ ಹಾಳಾಗದಿರಲೆಂದು ಮಧ್ಯಾಹ್ನ ಒಳಗೆ ಇಡಲಾಗುತ್ತದೆ.’ ಕೆಳಗೆ ಸಹಿ, ಮೊಹರು. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಅವನು ತಿಳಿದ.

ಕೊಳವೆ ಜೋಡಿಸಿದ್ದು ಈ ಆಗಸ್ಟಿನಲ್ಲಿ. ಆ ದಿನ ಕನಕರಾಜನೇ ಮುಂದೆ ನಿಂತು ರಾಮಲಕ್ಷ್ಮಮ್ಮನ ನಾಲ್ಕು ಇದ್ದಿಲ ಒಲೆಗಳನ್ನು ಹೊರಗೆ ತೆಗೆಸಿ, ‘ಮೊದಲು’ ಎಂದೊಂದು ‘ನಂತರ’ ಎಂದೊಂದು ಫೋಟೋ ತೆಗೆಸಿದ್ದ. ಬಿಸಿ ಸೋರದ ಹಾಗೆ ಚಾಕಿ ಮನೆಯ ಗೋಡೆ, ಸೂರಿಗೆಲ್ಲ ಥರ್ಮಾಕೋಲ್ ಬಡಿಸಿದ್ದ. “ಈ ಒಲೆಗಳ ಕಾಲ ಮುಗೀತಮ್ಮ. ಇನ್ಮೇಲೆ ಬಿಸಿ ನನ್ನ ಜವಾಬ್ದಾರಿ,” ಎಂದು ಊರಿನವರ ಎದುರಿಗೇ ಮಾತು ಕೊಟ್ಟಿದ್ದ. ಆಗಸ್ಟಿನಲ್ಲಿ ಬಿಸಿಯ ಜವಾಬ್ದಾರಿ ಹೊರುವುದು ಕಷ್ಟವೇನಲ್ಲ.

ಡಿಸೆಂಬರ್ ಬಂತು. ಮದ್ರಾಸಿನ ಕಡೆ ಸೈಕ್ಲೋನ್ ಎದ್ದು, ಇಲ್ಲಿ ಮೋಡ ಕವಿದು, ಹಗಲೂ ಇರುಳೂ ಜಿನುಗು ಹಿಡಿಯಿತು. ಸ್ಕಂದಗಿರಿ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸಲೂ ಆಗದಷ್ಟು ಮಂಜು. ಅಂಥ ಭಾನುವಾರ ರಾಮಲಕ್ಷ್ಮಮ್ಮನ ಮನೆಯಲ್ಲಿ ಐದು ಸಾವಿರ ಪತಂಗಗಳು ಇಟ್ಟ ಮೊಟ್ಟೆಗಳು ಒಡೆದವು. ಇಪ್ಪತ್ತೆರಡು ಮಂದಿ ರೈತರು ಈ ಹುಳುವನ್ನು ನಂಬಿಕೊಂಡು ಸೊಪ್ಪು ಬೆಳೆಸಿ ಇಟ್ಟಿದ್ದರು. ಮೂವತ್ತು ವರ್ಷದಿಂದ ಚಾಕಿ ಮಾಡುತ್ತಿದ್ದ ಆಕೆ ಒಮ್ಮೆಯೂ ಹೇಳಿದ ದಿನ ತಪ್ಪಿಸಿದವಳಲ್ಲ. ಸುತ್ತಿನ ಊರುಗಳಲ್ಲಿ ‘ರಾಮಲಕ್ಷ್ಮಮ್ಮನ ಹುಳು’ ಎಂದರೆ ಬೇರೆ ಮಾತೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕನಕರಾಜ್ ಬೈಕಿನಿಂದ ಇಳಿಯುವ ಹೊತ್ತಿಗೆ ಆಕೆ ಡಬ್ಬದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಉಷ್ಣಮಾಪಕ.

“ಏನಪ್ಪಾ ಕನಕರಾಜು, ನಿಮ್ ಡಬ್ಬ ಸತ್ತೋಗೈತಾ?”

“ಇಲ್ವಲ್ಲಮ್ಮ. ಆನ್ ಇದೆ.”

“ಆನ್ ಇದ್ರೆ ಬಿಸಿ ಎಲ್ಲಿ? ಇಪ್ಪತ್ತೆಂಟು ಇರ್ಬೇಕು. ಇಪ್ಪತ್ತೆರಡು ಐತೆ ನೋಡು.”

“ಅದಕ್ಕೆ ಕೆಲಸ ಇಲ್ಲಮ್ಮ. ಕೆಲಸ ಇಲ್ದೆ ಬಿಸಿ ಆಗಲ್ಲ.”

“ಕೆಲ್ಸ ನಿನಗೂ ಇಲ್ಲ. ನೀನು ಬೆಚ್ಚಗೇ ಇರ್ತೀಯಲ್ಲ?”

ಕನಕರಾಜ್ ಉಷ್ಣಮಾಪಕ ಇಸಿದುಕೊಂಡು ನೋಡಿದ. ಇದ್ದಿಲ ಒಲೆ ವಾಪಸು ತರೋಣವೆಂದರೆ ಥರ್ಮಾಕೋಲ್ ಬಡಿದ ಕೋಣೆಯಲ್ಲಿ ಹೊಗೆ ಹೋಗಲು ಕಿಂಡಿಯಿಲ್ಲ. ಹುಳುವೂ ಸಾಯುತ್ತದೆ, ಸೊಪ್ಪು ಹಾಕುವವರೂ ಸಾಯುತ್ತಾರೆ. ಕರೆಂಟ್ ಹೀಟರ್ ಇಡೋಣವೆಂದರೆ ಚಾಕಿ ಮನೆಯದು ಊರಿನ ಲೈನು. ಜಿನುಗು ಹಿಡಿದರೆ ಅದು ದಿನಕ್ಕೆ ನಾಲ್ಕು ಗಂಟೆ ಬಂದರೆ ದೊಡ್ಡದು. ಡಬ್ಬಕ್ಕೇನೋ ತನ್ನದೇ ಲೈನು, ಸೋಲಾರು, ಕೋಣೆ ತುಂಬ ಬ್ಯಾಟರಿ. ಆದರೆ ಅದರಿಂದ ಹೊರಗಿನ ಒಂದು ಬಲ್ಬಿಗೂ ತಂತಿ ಎಳೆಯಬಾರದೆಂದು ನಿಯಮ. ಒಂದೇ ದಾರಿ ಉಳಿದಿತ್ತು. ಕಂಪ್ಯೂಟರುಗಳಿಗೆ ಎಲ್ಲಿಂದಾದರೂ ಕೆಲಸ ಹುಡುಕಬೇಕಿತ್ತು.

ಅವನು ಮೇಲಿನ ಕಚೇರಿಗೆ ಫೋನ್ ಮಾಡಿ, ದಾಖಲೆ ಬೇಗ ಕಳಿಸಿ ಸಾರ್, ಹುಳು ಚಳಿಗೆ ಮುದುರಿಕೊಳ್ಳುತ್ತಿವೆ ಎಂದ. ಆ ಕಡೆಯವರು ಯಾವ ವಿಭಾಗ ಬೇಕಿತ್ತು ಎಂದು ಕೇಳಿದರು.

ಆಗ ನೆನಪಾದವನು ಅಫ್ಜಲ್. ಕನಕರಾಜನ ಜೊತೆ ಡಿಪ್ಲೊಮಾ ಓದಿದವನು, ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಅಂಗಡಿ ಇಟ್ಟವನು. ಅವನ ತಂದೆ ಅಬ್ದುಲ್ ರಹೀಮ್ ಮೂವತ್ತು ವರ್ಷ ಈ ನಾಲ್ಕು ತಾಲ್ಲೂಕಿನ ಮದುವೆಗಳಿಗೆಲ್ಲ ಕ್ಯಾಮೆರಾ ಹೊತ್ತು ತಿರುಗಿದವರು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೂರು ಬೀರುಗಳ ತುಂಬ ಕ್ಯಾಸೆಟ್ಟುಗಳನ್ನು ಬಿಟ್ಟುಹೋಗಿದ್ದರು. ಅಫ್ಜಲ್ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಟ್ಟಿದ್ದ. ಆದರೆ ಮಸುಕಾದ ಚಿತ್ರವನ್ನು ಸ್ವಚ್ಛ ಮಾಡುವ ಹೊಸ ಸಾಫ್ಟ್‌ವೇರು ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಮದುವೆಗೆ ನಾಲ್ಕು ದಿನ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಆ ಕಂಪ್ಯೂಟರು ಕಾದು ದೋಸೆ ಹೆಂಚಾಗುತ್ತದೆ ಎಂದು ಅವನು ಹಿಂದೊಮ್ಮೆ ಗೋಳಾಡಿದ್ದ.

“ಕಾಯುತ್ತೆ ಅಂದ್ಯಲ್ಲ, ಎಷ್ಟು ಕಾಯುತ್ತೆ?” ಎಂದು ಕನಕರಾಜ್ ಫೋನಿನಲ್ಲಿ ಕೇಳಿದ.

“ಯಾಕೋ, ಕಾದ್ರೆ ನಿಂಗೇನು ಖುಷಿ?”

“ಎಲ್ಲಾ ಮದುವೇನೂ ಎತ್ಕೊಂಡು ಬಾ.”

ಮಂಗಳವಾರ ಬೆಳಿಗ್ಗೆ ಅಫ್ಜಲ್ ಎರಡು ಹಾರ್ಡ್ ಡಿಸ್ಕಿನಲ್ಲಿ ಆರುನೂರು ಮದುವೆಗಳನ್ನು ಜೇಬಿಗೆ ಹಾಕಿಕೊಂಡು ಬಂದ. ಇಷ್ಟು ದೊಡ್ಡ ಯಂತ್ರವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅತಿ ಆಸೆಯಲ್ಲಿ ನಲವತ್ತು ಮದುವೆಗಳನ್ನು ಒಟ್ಟಿಗೇ ಹಾಕಿದ. ಹದಿನಾಲ್ಕು ತಿಂಗಳು ತಣ್ಣಗಿದ್ದ ಆರೂ ಬೀರುಗಳು ಒಮ್ಮೆಲೇ ಗುಂಯ್ ಎಂದವು. ಬ್ಯಾಟರಿ ಕೋಣೆಯ ದೀಪಗಳೆಲ್ಲ ಮಿಟುಕಿದವು. ಕನಕರಾಜನಿಗೆ ಕಣ್ಣು ತುಂಬಿ ಬಂತು. ಇಂಥ ಸದ್ದು ಕೇಳಲೆಂದೇ ಅವನು ಈ ಕೆಲಸಕ್ಕೆ ಅರ್ಜಿ ಹಾಕಿದ್ದು, ಅದನ್ನೇ ಮರೆತುಬಿಟ್ಟಿದ್ದ.

ಒಂದು ಗಂಟೆಯೊಳಗೆ ರಾಮಲಕ್ಷ್ಮಮ್ಮನ ಗಂಡ ಚೆನ್ನರಾಯಪ್ಪ ಓಡಿ ಬಂದ. ತೋಟದಿಂದ ಸೊಪ್ಪು ಕೊಯ್ದು ತರುವುದು ಅವನ ಪಾಲಿನ ಕೆಲಸ; ಅರ್ಧ ಕನ್ನಡ ಅರ್ಧ ತೆಲುಗಿನ ಮನುಷ್ಯ.

“ಏಮಪ್ಪಾ, ಹುಳು ಸಾಕ್ತಿದ್ದೀರೋ, ಹಪ್ಪಳ ಸುಡ್ತಿದ್ದೀರೋ? ಮೂವತ್ಮೂರು ಐತೆ ಒಳಗೆ. ನಮ್ಮೋಳು ಕೂಗಾಡ್ತವ್ಳೆ.”

ಆಮೇಲೆ ರಾಮಲಕ್ಷ್ಮಮ್ಮನೇ ಬಂದು ಕ್ರಮ ಹಾಕಿಕೊಟ್ಟಳು. ಹುಳುವಿಗೆ ಸೊಪ್ಪು ಹಾಕುವುದೆಂದರೆ ಕಂಡಷ್ಟು ಸುರಿಯುವುದಲ್ಲ, ಹೊತ್ತು ನೋಡಿ, ತೂಕ ನೋಡಿ ಹಾಕುವುದು. ಯಂತ್ರಕ್ಕೂ ಹಾಗೆಯೇ. ಬೆಳಿಗ್ಗೆ ಆರಕ್ಕೆ ಎಂಟು ಮದುವೆ, ಹನ್ನೊಂದಕ್ಕೆ ಐದು, ಸಾಯಂಕಾಲ ನಾಲ್ಕಕ್ಕೆ ಏಳು, ರಾತ್ರಿಗೆ ಹತ್ತು. ಚಾಕಿ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಎರಡು ಪಟ್ಟಿ ಬರೆಸಿದಳು, ಎಡಗಡೆ ಸೊಪ್ಪು, ಬಲಗಡೆ ಮದುವೆ.

ಎರಡು ದಿನದಲ್ಲಿ ಕನಕರಾಜ್, ಅಫ್ಜಲ್, ರಾಮಲಕ್ಷ್ಮಮ್ಮ ಮೂವರಿಗೂ ಮದುವೆಯ ಬಿಸಿ ಅಳೆಯುವುದು ಕರಗತವಾಯಿತು. ರಿಜಿಸ್ಟರ್ ಆಫೀಸಿನ ಮದುವೆ ಒಂದು ಟ್ರೇ ಹುಳುವಿಗೂ ಸಾಲದು. ಎರಡು ದಿನ ಚಿತ್ರೀಕರಿಸಿದ, ಊಟದ ಪಂಕ್ತಿಯಲ್ಲಿ ಒಬ್ಬರನ್ನೂ ಬಿಡದೆ ತೋರಿಸಿದ ಮದುವೆಗಳು ಬೆಳಗಿನ ಜಾವದ ಚಳಿಗೆ ಬಲು ಒಳ್ಳೆಯವು. “ಅಮ್ಮಾ, ಇವತ್ತು ಕೈವಾರದ ಕಡೆ ಜಮೀನ್ದಾರ್ರ ಮದುವೆ ಇದೆ, ಐದು ಗಂಟೆ ಉದ್ದ,” ಎಂದು ಅಫ್ಜಲ್ ಹೇಳಿದರೆ, “ಅದನ್ನ ರಾತ್ರಿಗಿಡಪ್ಪ, ಹಗಲು ದಂಡ ಮಾಡ್ಬೇಡ,” ಎನ್ನುತ್ತಿದ್ದಳು ರಾಮಲಕ್ಷ್ಮಮ್ಮ. ಬುಧವಾರ ಮೊದಲ ಜ್ವರಕ್ಕೆ ಹೋದ ಹುಳುಗಳು ಗುರುವಾರ ಒಂದೂ ಹಿಂದುಳಿಯದೆ ಎದ್ದವು. ಆ ನಾಲ್ಕು ದಿನ ಕನಕರಾಜ್ ಚಾಪೆ ಬಿಚ್ಚಲಿಲ್ಲ. ಹಾಗೆಂದು ಅವನಿಗೆ ನೆನಪೂ ಆಗಲಿಲ್ಲ.

ಶುಕ್ರವಾರ ಅಫ್ಜಲ್ ತನ್ನ ತಾಯಿ ರಹಮತುನ್ನೀಸಾರನ್ನು ಕರೆತಂದ. ಊರೆಲ್ಲರ ಮದುವೆ ತೆಗೆದ ಅಬ್ದುಲ್ ರಹೀಮರು ಸ್ವತಃ ಕ್ಯಾಮೆರಾದ ಹಿಂದೆಯೇ ಇದ್ದವರಾದ್ದರಿಂದ ಮೂರು ಬೀರು ಕ್ಯಾಸೆಟ್ಟುಗಳಲ್ಲಿ ಅವರ ಮುಖವೇ ಇರಲಿಲ್ಲ. ಇದ್ದದ್ದು ಒಂದೇ ಒಂದರಲ್ಲಿ, ಅವರದೇ ಮದುವೆಯದರಲ್ಲಿ. ಆಗ ಕ್ಯಾಮೆರಾ ಹಿಡಿದವನು ಅವರ ಕೈಕೆಳಗಿನ ಕಲಿಕೆಯವನು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಚಿತ್ರದಲ್ಲಿ ಮದುಮಗನ ಮುಖ ಮುಚ್ಚುವ ಹೂವಿನ ಸೆಹರಾ ಯಾವುದು, ಶಾಮಿಯಾನ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅದು ಗುರುವಾರ ರಾತ್ರಿಯ ಹತ್ತು ಮದುವೆಗಳಲ್ಲಿ ಒಂದಾಗಿ ಹೋಗಿ, ಬೆಳಿಗ್ಗೆ ಸ್ವಚ್ಛವಾಗಿ ಬಂದಿತ್ತು.

ಪರದೆಯ ಮೇಲೆ ಇಪ್ಪತ್ತಾರರ ಹರೆಯದ ಅಬ್ದುಲ್ ರಹೀಮರು ಸೆಹರಾದ ಹೂವನ್ನು ಎರಡೂ ಕೈಯಲ್ಲಿ ಸರಿಸಿ, ಕ್ಯಾಮೆರಾ ಹಿಡಿದ ಹುಡುಗನಿಗೆ ಲೈಟು ಆ ಕಡೆ ತಿರುಗಿಸು, ಆ ಕಡೆ, ಎಂದು ಸನ್ನೆ ಮಾಡಿ ಗದರುತ್ತಿದ್ದರು. ರಹಮತುನ್ನೀಸಾ ಕುರ್ಚಿಯ ತುದಿಗೆ ಜರುಗಿ ಕೂತರು.

“ನಿಕಾಹ್ ದಿನಾನೂ ಲೈಟಿಂದೇ ಚಿಂತೆ. ನನ್ನ ಕಡೆ ಒಂದ್ಸಲ ನೋಡ್ಲಿಲ್ಲ ಆ ಮನುಷ್ಯ,” ಎಂದರು. ನಕ್ಕರು. ನಗುತ್ತಲೇ ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇನ್ನೊಂದ್ಸಲ ಹಾಕು ಬೇಟಾ.”

ಕನಕರಾಜ್ ಏಳು ಸಲ ಹಾಕಿದ. ಅವನಿಗೆ ತನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅದೇ ಹೊತ್ತಿಗೆ ಫೋನ್ ಬಂತು.

“ಶೋಭಾರಾಣಿ ಮಾತಾಡ್ತಿರೋದು. ನಿಮ್ಮ ಘಟಕದ ಬಳಕೆ ಹದಿನಾಲ್ಕು ತಿಂಗಳಿಂದ ಶೇಕಡಾ ಮೂರು ಇತ್ತು. ಮಂಗಳವಾರದಿಂದ ತೊಂಬತ್ತೊಂದಿದೆ. ಏನು ನಡೀತಿದೆ ಅಲ್ಲಿ?”

“ಮೇಡಂ, ಟೆಸ್ಟಿಂಗು,” ಎಂದ ಕನಕರಾಜ್.

“ನಾಳೆ ಹತ್ತು ಗಂಟೆಗೆ ಬರ್ತೀನಿ. ಟೆಸ್ಟ್ ಮಾಡ್ತಾ ಇರಿ.”

ಶನಿವಾರ ಬೆಳಗಿನ ಜಾವ ಹುಳುಗಳು ಎರಡನೇ ಜ್ವರಕ್ಕೆ ಹೋದವು. ಇದೇ ಕೊನೆಯ ಗಂಡಾಂತರ. ಮಾರನೆಯ ಬೆಳಿಗ್ಗೆಯ ತನಕ ಬಿಸಿ ಒಂದೇ ಸಮ ನಿಂತರೆ ಸೋಮವಾರ ಇಪ್ಪತ್ತೆರಡು ಮನೆಗೆ ಹುಳು ಹೋಗುತ್ತದೆ. ನಿಲ್ಲದಿದ್ದರೆ ರಾಮಲಕ್ಷ್ಮಮ್ಮನ ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ, ಅದೂ ಕನಕರಾಜನ ಮಾತು ನಂಬಿದ ತಪ್ಪಿಗೆ. ಹೊರಗೆ ಜಿನುಗು, ಮೈ ಕೊರೆಯುವ ಗಾಳಿ. ಅಫ್ಜಲ್ ಜಮೀನ್ದಾರರ ಮನೆತನದ ಉಳಿದ ಮದುವೆಗಳನ್ನೆಲ್ಲ ಇಂಥ ದಿನಕ್ಕೆಂದೇ ಎತ್ತಿಟ್ಟಿದ್ದ.

ಹತ್ತಕ್ಕೆ ಸರಿಯಾಗಿ ಕಚೇರಿಯ ಜೀಪು ಬಂತು. ಶೋಭಾರಾಣಿ ನಲವತ್ತೆಂಟರ ಹೆಂಗಸು, ಬಿಗಿಯಾದ ಜಡೆ, ಕೈಯಲ್ಲಿ ದಪ್ಪ ಡೈರಿ. ಡಬ್ಬದೊಳಗೆ ಕಾಲಿಟ್ಟವರೇ ಪರದೆಯ ಎದುರು ನಿಂತರು. ಅಲ್ಲಿ ಯಾರೋ ಒಬ್ಬ ಮದುವೆ ಗಂಡು ಕಾಶೀಯಾತ್ರೆಗೆ ಹೊರಟು, ಹೆಣ್ಣಿನ ತಂದೆ ಅವನ ಕೊಡೆ ಹಿಡಿದು ಜಗ್ಗುತ್ತಿದ್ದರು.

“ಇದು ಕಂದಾಯ ದಾಖಲೆಯಾ?” ಎಂದರು.

ಕನಕರಾಜ್ ಒಂದನ್ನೂ ಮುಚ್ಚಿಡದೆ ಹೇಳಿದ, ಹುಳು, ಚಳಿ, ಒಲೆ, ತಾನು ಕೊಟ್ಟ ಮಾತು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಬಿಟ್‌ಕಾಯಿನ್ ಮಾಡ್ತಿದ್ದಾರೆ ಅಂತ ಆಫೀಸಲ್ಲಿ ಅರ್ಧ ಜನ ಬಾಜಿ ಕಟ್ಟಿದ್ರು. ಮದುವೆ ಅಂತ ಯಾರೂ ಹೇಳ್ಲಿಲ್ಲ,” ಎಂದರು. “ಆದ್ರೂ ಸರ್ಕಾರದ ಯಂತ್ರದಲ್ಲಿ ಖಾಸಗಿ ಕೆಲಸ ಕೂಡದು. ನಿಲ್ಲಿಸಿ.”

ಕನಕರಾಜ್ ನಿಲ್ಲಿಸಿದ. ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ಸತ್ತುಹೋಯಿತು. ಮದುವೆ ಗಂಡು ಕಾಶಿಗೂ ಹೋಗದೆ ಮನೆಗೂ ಬರದೆ ಅಲ್ಲೇ ನಿಂತ.

ಅರ್ಧ ಗಂಟೆಯೊಳಗೆ ರಾಮಲಕ್ಷ್ಮಮ್ಮ ಬಂದಳು. ಬೈಯಲಿಲ್ಲ, ಅಳಲಿಲ್ಲ. ಶೋಭಾರಾಣಿಯವರನ್ನು ಮೇಲಿಂದ ಕೆಳಗೆ ನೋಡಿದಳು.

“ಬಾರಮ್ಮ, ಒಂದ್ಸಲ ಬಂದು ನೋಡು. ಆದ್ರೆ ಹಿಂಗೇ ಬರಂಗಿಲ್ಲ. ಹೂವು ತೆಗಿ. ಸೆಂಟ್ ವಾಸ್ನೆ ಐತೆ, ಕೈ ಕುತ್ಗೆ ತೊಳ್ಕೊ. ಚಪ್ಪಲಿ ಇಲ್ಲೇ ಬಿಡು.”

ಜೀಪಿನ ಡ್ರೈವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಹಾಗೆ ಮುಖ್ಯ ತಾಂತ್ರಿಕ ಅಧಿಕಾರಿಗಳು ಮಲ್ಲಿಗೆ ತೆಗೆದು ಬಾನೆಟ್ಟಿನ ಮೇಲಿಟ್ಟರು, ಸೋಪು ಹಚ್ಚಿ ಕೈ ಕುತ್ತಿಗೆ ತೊಳೆದರು, ಬ್ಲೀಚಿಂಗ್ ಪುಡಿ ಕದಡಿದ ನೀರಿನ ತೊಟ್ಟಿಯಲ್ಲಿ ಕಾಲಿಟ್ಟು ನಿಂತರು, ಸೀರೆಯ ಮೇಲೆ ಚೆನ್ನರಾಯಪ್ಪನ ಒಗೆದ ಶರಟು ಹಾಕಿಕೊಂಡು ಒಳಗೆ ಹೋದರು. ಕನಕರಾಜ್ ಅವರ ಹಿಂದೆ ಹೋದ.

ಟ್ರೇಗಳ ಸಾಲಿನಲ್ಲಿ ಲಕ್ಷಾಂತರ ಹುಳುಗಳು ತಲೆಯೆತ್ತಿ ಕೂತಿದ್ದವು, ಪ್ರಾರ್ಥನೆಗೆ ನಿಂತ ಶಾಲೆಮಕ್ಕಳ ಹಾಗೆ. ಒಂದೂ ಅಲುಗುತ್ತಿರಲಿಲ್ಲ. ಜ್ವರದಲ್ಲಿರುವ ಹುಳುವಿನ ಮುಂದೆ ಮಾತಾಡಬಾರದೆಂದು ಶೋಭಾರಾಣಿಯವರಿಗೆ ಯಾರೂ ಹೇಳಿರಲಿಲ್ಲ. ಆದರೂ ಅವರು ಮಾತಾಡಲಿಲ್ಲ. ಉಷ್ಣಮಾಪಕ ಇಪ್ಪತ್ತೈದಕ್ಕೆ ಇಳಿದಿತ್ತು. ರಾಮಲಕ್ಷ್ಮಮ್ಮ ಕೊಳವೆಯ ಬಾಯಿಗೆ ಅಂಗೈ ಒಡ್ಡಿ, ಅಧಿಕಾರಿಯ ಕೈಯನ್ನೂ ಹಿಡಿದು ಅಲ್ಲಿಗೇ ಒಡ್ಡಿಸಿದಳು. ತಣ್ಣನೆಯ ಗಾಳಿ.

ಹೊರಗೆ ಬಂದ ಮೇಲೆ ಶೋಭಾರಾಣಿ ಬಹಳ ಹೊತ್ತು ಶರಟಿನ ಗುಂಡಿ ಬಿಚ್ಚುತ್ತ ನಿಂತರು.

“ನಮ್ಮಜ್ಜಿ ಗೌರಿಬಿದನೂರಿನ ಹತ್ರ ಹುಳು ಸಾಕ್ತಿದ್ರು,” ಎಂದರು. “ಜ್ವರದ ದಿನ ನಮ್ಮನ್ನೆಲ್ಲ ಹೊರಗೆ ಹಾಕ್ತಿದ್ರು.” ಆಮೇಲೆ ಕನಕರಾಜನ ಕಡೆ ತಿರುಗಿದರು. “ಖಾಸಗಿ ಮದುವೆಗೆ ನಾನು ಹೂಂ ಅನ್ನೋಕಾಗಲ್ಲ. ಅಂದ್ರೆ ನನ್ನ ಕೆಲಸ ಹೋಗುತ್ತೆ. ಆಫೀಸಿಂದೇ ಏನಾದ್ರೂ ಕೆಲಸ ಇದ್ರೆ ಹೇಳಿ. ಎಷ್ಟು ಬೇಕಾದ್ರೂ ಹಾಕಿ, ಈಗ್ಲೇ ಆರ್ಡರ್ ಬರ್ಕೊಡ್ತೀನಿ. ಏನಾದ್ರೂ ಇದೆಯಾ?”

ಇತ್ತು. ಇಡೀ ಡಬ್ಬದಲ್ಲಿ ಸರ್ಕಾರದ್ದು ಎನ್ನಬಹುದಾದ ಒಂದೇ ಒಂದು ಸರಕಿತ್ತು, ಅದು ಇನ್ನೂ ಅಳಿಯದೆ ಉಳಿದಿದೆ ಎಂದು ಕನಕರಾಜನಿಗೆ ಮಾತ್ರ ಗೊತ್ತಿತ್ತು. ಅದರಲ್ಲಿ ಏನಿದೆ ಎಂದೂ ಅವನಿಗೇ ಗೊತ್ತಿತ್ತು. ಇಲ್ಲ ಮೇಡಂ ಎಂದು ಎರಡು ಪದ ಹೇಳಿದ್ದರೆ ಅವನು ಒಂದು ಎಚ್ಚರಿಕೆಯ ಪತ್ರದಲ್ಲಿ ಪಾರಾಗುತ್ತಿದ್ದ. ಹುಳು ಹೋದರೆ ಚಳಿಯ ಮೇಲೆ ಹಾಕಬಹುದಿತ್ತು, ಸೈಕ್ಲೋನಿನ ಮೇಲೆ ಹಾಕಬಹುದಿತ್ತು. ರಾಮಲಕ್ಷ್ಮಮ್ಮ ಅವನನ್ನೇ ನೋಡುತ್ತಿದ್ದಳು, ಆ ಆಗಸ್ಟಿನ ದಿನ ಒಲೆಗಳನ್ನು ಹೊರಗೆ ಹೊತ್ತು ಹಾಕುವಾಗ ನೋಡಿದ ಹಾಗೆಯೇ, ಒಂದಿಷ್ಟೂ ಅನುಮಾನವಿಲ್ಲದೆ.

“ಸಿಸಿಟಿವಿ ಇದೆ ಮೇಡಂ,” ಎಂದ.

ಪಕ್ಕದಲ್ಲಿದ್ದ ಅಫ್ಜಲ್ ಕೆಮ್ಮಿದ. ಕನಕರಾಜನ ಮಧ್ಯಾಹ್ನಗಳ ಬಗ್ಗೆ ಅವನಿಗೆ ತಿಳಿದಿತ್ತು. ಕೆಮ್ಮಿ, ಸಾಲದೆ ಕಾಲು ತುಳಿದ. ಕನಕರಾಜ್ ಕಾಲು ಎಳೆದುಕೊಂಡ.

“ಹದಿನಾಲ್ಕು ತಿಂಗಳಿಂದು. ಒಂದು ದಿನಾನೂ ಅಳಿಸಿಲ್ಲ. ಎಲ್ಲಾ ಮಸುಕಾಗಿದೆ, ಯಾರು ಏನು ಅಂತ ಗೊತ್ತಾಗಲ್ಲ. ಇಲ್ಲಿ ಏನು ನಡೀತಿತ್ತು ಅಂತ ನೀವು ವಿಚಾರಣೆ ಮಾಡೋದಾದ್ರೆ, ಅದನ್ನ ಸ್ವಚ್ಛ ಮಾಡಿ ನೋಡ್ಲೇಬೇಕಾಗುತ್ತೆ. ಅದು ಆಫೀಸ್ ಕೆಲಸಾನೇ.”

ಶೋಭಾರಾಣಿ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಡೈರಿ ತೆಗೆದು, ಜೀಪಿನ ಬಾನೆಟ್ಟಿನ ಮೇಲೆ ಮಲ್ಲಿಗೆಯ ಪಕ್ಕದಲ್ಲಿಟ್ಟು, ಡ್ರೈವರ್ ಹಿಡಿದ ಕೊಡೆಯ ಕೆಳಗೆ ಆದೇಶ ಬರೆದರು: ‘ಘಟಕದ ದುರ್ಬಳಕೆ ಕುರಿತ ವಿಚಾರಣೆಗಾಗಿ ಎಲ್ಲಾ ದೃಶ್ಯಗಳನ್ನು ಚೌಕಟ್ಟು ಚೌಕಟ್ಟಾಗಿ ಸ್ಪಷ್ಟಗೊಳಿಸತಕ್ಕದ್ದು. ತುರ್ತು.’ ತುರ್ತು ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಯಂತ್ರಗಳು ಮತ್ತೆ ಗುಂಯ್ ಎಂದವು. ಜಮೀನ್ದಾರರ ಐದು ಗಂಟೆಯ ಮದುವೆಯೂ ಇದರ ಮುಂದೆ ಏನೂ ಅಲ್ಲ. ಕಾಲು ಗಂಟೆಯಲ್ಲಿ ಕೊಳವೆಯ ಬಾಯಿ ಬೆಚ್ಚಗಾಯಿತೆಂದು ರಾಮಲಕ್ಷ್ಮಮ್ಮ ಬಾಗಿಲಿನಿಂದ ಕೈ ಬೀಸಿ ತಿಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳೂವರೆಗೆ ಬಂದು ಬಿಸಿ ಅಲ್ಲೇ ನಿಂತಿತು.

ಮೊದಲ ದೃಶ್ಯಗಳು ಪರದೆಗೆ ಬಂದದ್ದೂ ಆಗಲೇ. ಅಷ್ಟರಲ್ಲಿ ರಾಮಲಕ್ಷ್ಮಮ್ಮನೂ ಚೆನ್ನರಾಯಪ್ಪನೂ ಡಬ್ಬದ ಬಾಗಿಲಿಗೆ ಬಂದಿದ್ದರು. ಎಲ್ಲರೂ ನೋಡಿದರು. ಎರಡನೇ ಬೀರುವಿನ ಪಕ್ಕದಲ್ಲಿ ಒಂದು ಕಂದು ಮೂಟೆ. ಯಂತ್ರ ಗೆರೆ ಗೆರೆಯಾಗಿ ಕೆಲಸ ಮಾಡುತ್ತ ಹೋದ ಹಾಗೆ ಮೂಟೆಗೆ ಕಾಲು ಬಂತು. ಕಾಲಿಗೆ ತೂತು ಬಿದ್ದ ಕಾಲುಚೀಲ ಬಂತು. ಇನ್ನೊಂದು ತುದಿಯಲ್ಲಿ ಮೀಸೆ ಬಂತು, ಮೀಸೆಯ ಕೆಳಗೆ ಅಗಲವಾಗಿ ತೆರೆದ ಬಾಯಿ ಬಂತು, ಕೊನೆಗೆ ಎಡಗೆನ್ನೆಯ ಮಚ್ಚೆಯೂ ತಪ್ಪಿಸಿಕೊಳ್ಳಲಿಲ್ಲ.

“ಎಂಥಾ ಕ್ಲೀನಾಗಿ ಬಂದೈತೆ ಚೂಡು,” ಎಂದ ಚೆನ್ನರಾಯಪ್ಪ. ಅವನು ನಿಜವಾಗಿ ಮೆಚ್ಚಿಯೇ ಹೇಳಿದ್ದು.

ಕನಕರಾಜನಿಗೆ ಡಬ್ಬದ ನೆಲ ಬಾಯಿಬಿಟ್ಟು ತನ್ನನ್ನು ಚಾಪೆ ಸಮೇತ ನುಂಗಬಾರದೇ ಅನ್ನಿಸಿತು. ಶೋಭಾರಾಣಿ ಪರದೆಯ ಹತ್ತಿರ ಬಾಗಿ, ಕನ್ನಡಕ ಏರಿಸಿ, ಆ ಬಾಯಿಯನ್ನು ಚೆನ್ನಾಗಿ ನೋಡಿದರು.

“ಇದು ಖಾಲಿ ಪ್ಯಾಕಿಂಗ್ ಸಾಮಾನು, ಅಲ್ವಾ?”

“ಹೌದು ಮೇಡಂ,” ಎಂದ ಕನಕರಾಜ್ ನೆಲ ನೋಡುತ್ತ. “ಖಾಲಿ ಇತ್ತು.”

ಅವರು ನಗಲಿಲ್ಲ. ಡೈರಿ ಮುಚ್ಚಿ, ಬಾನೆಟ್ಟಿನ ಮೇಲಿನ ಮಲ್ಲಿಗೆ ಮುಡಿದು, ಜೀಪು ಹತ್ತಿದರು. ಜೀಪು ತಿರುವಿನಲ್ಲಿ ಮರೆಯಾಗುವ ಮುನ್ನ ಅವರ ಭುಜಗಳು ಕುಲುಕುತ್ತಿದ್ದುದನ್ನು ತಾನು ಕಂಡೆನೆಂದು ಅಫ್ಜಲ್ ಆಣೆ ಮಾಡಿ ಹೇಳುತ್ತಾನೆ. ರಸ್ತೆ ಕೆಟ್ಟಿದೆ, ಅದಕ್ಕಿರಬೇಕು ಎಂದು ಕನಕರಾಜನ ವಾದ.

ಭಾನುವಾರ ಬೆಳಿಗ್ಗೆ ಹುಳುಗಳು ಎದ್ದವು. ಇಷ್ಟು ಸಮನಾಗಿ ಎದ್ದದ್ದನ್ನು ತಾನು ಒಲೆಯ ಕಾಲದಲ್ಲೂ ಕಂಡಿಲ್ಲವೆಂದು ರಾಮಲಕ್ಷ್ಮಮ್ಮನೇ ಒಪ್ಪಿದಳು. ಸೋಮವಾರ ಇಪ್ಪತ್ತೆರಡು ರೈತರು ಟ್ರೇಗಳನ್ನು ಒದ್ದೆ ಬಟ್ಟೆ ಮುಚ್ಚಿ ಒಯ್ದರು. ಡಬ್ಬದ ಮುಂದೆ ಹಾದುಹೋಗುವಾಗ ಪ್ರತಿಯೊಬ್ಬನೂ ಒಳಗೆ ಇಣುಕಿ, ಮಲಗಿದ್ದ ಸಾಹೇಬರು ಇವರೇನಾ ಎಂದು ನೋಡಿಕೊಂಡು ಹೋದ.

ಹತ್ತು ದಿನಕ್ಕೆ ಆದೇಶ ಬಂತು. ಸಂಜೆ ಚಾಕಿ ಮನೆಯ ಕಟ್ಟೆಯ ಮೇಲೆ ಕೂತು ಕನಕರಾಜ್ ಅದನ್ನು ರಾಮಲಕ್ಷ್ಮಮ್ಮನಿಗೆ ಓದಿ ಹೇಳಿದ. ಕೆಲಸದ ವೇಳೆ ನಿದ್ರಿಸಿದ್ದಕ್ಕೂ ಸುಳ್ಳು ವಿವರಣೆ ಕೊಟ್ಟಿದ್ದಕ್ಕೂ ಒಂದು ವರ್ಷದ ಬಡ್ತಿ ತಡೆ. ಅಫ್ಜಲ್ ನಾಲ್ಕು ತಾಲ್ಲೂಕಿನ ಹಳೇ ಮದುವೆಗಳನ್ನು ‘ಪ್ರಾದೇಶಿಕ ದೃಶ್ಯ ಪರಂಪರೆ’ ಎಂದು ಅರ್ಜಿ ಹಾಕಿದರೆ ಪರಿಶೀಲಿಸಲಾಗುವುದು. ಪರಿಶೀಲನೆ ಎಂದರೆ ಎಷ್ಟು ಕಾಲ ಎಂದು ಇಬ್ಬರಿಗೂ ಗೊತ್ತಿದ್ದರಿಂದ ಅದರ ಬಗ್ಗೆ ಮಾತಾಡಲಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ‘ಇದುವರೆಗೆ ಒಂದು ತಿಂಗಳ ದೃಶ್ಯಗಳು ಮಾತ್ರ ಸ್ಪಷ್ಟಗೊಂಡಿದ್ದು, ವಿಚಾರಣೆ ಅಪೂರ್ಣವಾಗಿದೆ. ಉಳಿದವನ್ನು ಚಳಿಗಾಲ ಮುಗಿಯುವವರೆಗೆ, ಫೆಬ್ರವರಿ ಅಂತ್ಯದ ತನಕ, ಪ್ರತಿದಿನ ತಪ್ಪದೆ ಸ್ಪಷ್ಟಗೊಳಿಸತಕ್ಕದ್ದು.’

ಕನಕರಾಜ್ ಆ ಸಾಲನ್ನು ಎರಡು ಸಲ ಓದಿದ. ವಿಚಾರಣೆಗೂ ಚಳಿಗಾಲಕ್ಕೂ ಏನು ಸಂಬಂಧವೆಂದು ಬೇರೆ ಯಾವ ಕಚೇರಿಯಲ್ಲೂ ಯಾರಿಗೂ ತಿಳಿಯುವಂತಿರಲಿಲ್ಲ.

ರಾಮಲಕ್ಷ್ಮಮ್ಮ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಸಂಕ್ರಾಂತಿಗೆ ಮುಂಚೆ ಒಂದು ಚಾಕಿ, ಆಮೇಲೆ ಒಂದು, ಫೆಬ್ರವರಿಯಲ್ಲಿ ಇನ್ನೂ ಎರಡು.

“ನಾಕು ಬೆಳೆ ಐತಪ್ಪ ಇನ್ನೂ. ಅಲ್ಲಿಗಂಟ ಸಾಕಾಗ್ತೈತಾ ನಿನ್ನ ನಿದ್ದೆ?”

ಕನಕರಾಜ್ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ.

“ಸಾಕಾಗುತ್ತಮ್ಮ,” ಎಂದ. “ಒಂದು ದಿನಾನೂ ತಪ್ಪಿಸಿಲ್ಲ.”